ಬೆಂಕಿ ಹಾರಿದ ನಂಟು

ಜೋಯಿನ್ವಿಲೆ, ಸಾಂತಾ ಕತರೀನಾ
12 ಜನವರಿ 1996

ಪ್ರಿಯ ದೋನಾ ಜೆರ್ಸಿನಾ,

ಕರ್ತನ ಕೃಪೆಯಿಂದ ನೀವೂ ನಿಮ್ಮ ಯಜಮಾನರಾದ ಬೆಂಟೊ ಅವರೂ ಕ್ಷೇಮವೆಂದು ನಂಬಿದ್ದೇನೆ. ನಾನು ಲಗೋವಾ ದೊ ಉಂಬು ಬಿಟ್ಟು ಬಂದು ಐದು ವರ್ಷವಾಯಿತು. ನಿಮ್ಮೂರಿನ ಆ ಸರಳ ಜನ, ಅವರ ಸರಳ ಮನಸ್ಸು ನನ್ನ ಪ್ರಾರ್ಥನೆಯಿಂದ ಒಂದು ದಿನವೂ ದೂರವಾಗಿಲ್ಲ.

ಸಂತೋಷದ ಸುದ್ದಿ ಇದೆ. ಕರ್ತನು ನನ್ನನ್ನು ಮತ್ತೆ ಅಲ್ಲಿಗೇ ಕರೆಯುತ್ತಿದ್ದಾನೆ. ಅದೇ ಮಿಷನ್ ಮನೆ, ಅದೇ ಸೇವೆ. ಅರ್ಧಕ್ಕೆ ಬಿಟ್ಟ ಕೋಸಿನ ತೋಟ, ಮೊಲ ಸಾಕಣೆ, ತಾಯಂದಿರ ಆರೋಗ್ಯ ಪಾಠ, ಎಲ್ಲವನ್ನೂ ಮುಂದುವರಿಸೋಣ. ಮೊಲಗಳು ಈಗ ಎಷ್ಟಾಗಿವೆ?

ನಮ್ಮ ಮಿಷನ್ ಮಂಡಳಿಯಲ್ಲಿ ಈಗ ಒಂದು ಹೊಸ ನಿಯಮ ಬಂದಿದೆ. ಹಳೆಯ ಊರಿಗೇ ಹಿಂತಿರುಗುವವರ ಬಗ್ಗೆ ಊರಿನವರ ಮಾತನ್ನು ಬರಹದಲ್ಲಿ ಕೇಳುತ್ತಾರೆ. ಒಳ್ಳೆಯ ಮಾತು ಬಂದರೆ ಮಾತ್ರ ಕಳಿಸುವುದು. ನೀವೀಗ ಗ್ರಾಮ ಸಂಘದ ಅಧ್ಯಕ್ಷೆಯಾದ್ದರಿಂದ ಆ ಪತ್ರವನ್ನು ನೀವೇ ಬರೆಯಬೇಕು. ಮೇ ಕೊನೆಯೊಳಗೆ ಅದು ಪಾಸ್ಟರ್ ಲೋತಾರ್ ಅವರ ಕೈ ಸೇರಬೇಕು. ನೀವು ಅಧ್ಯಕ್ಷೆಯಾಗಿದ್ದು ಕೇಳಿ ನನಗೆ ಹೆಮ್ಮೆಯಾಯಿತು. ನಾನು ನಡೆಸಿದ ಓದುಬರಹದ ತರಗತಿ ವ್ಯರ್ಥವಾಗಲಿಲ್ಲ.

ನಿಮಗೆ ಕಷ್ಟವಾಗಬಾರದೆಂದು ಕೆಲವು ವಾಕ್ಯಗಳನ್ನು ನಾನೇ ಬರೆದು ಇದರ ಜೊತೆ ಇಟ್ಟಿದ್ದೇನೆ. ಹಾಗೇ ನಕಲು ಮಾಡಿ ಸಹಿ ಹಾಕಿದರೆ ಸಾಕು.

ಕ್ರಿಸ್ತನಲ್ಲಿ ನಿಮ್ಮ ಸಹೋದರಿ,
ಎಲ್ಫ್ರೀಡಾ


ಲಗೋವಾ ದೊ ಉಂಬು, ಪಿಯಾವಿ
3 ಫೆಬ್ರವರಿ 1996

ಸಹೋದರಿ ಎಲ್ಫ್ರೀಡಾ ಅವರಿಗೆ,

ನಿಮ್ಮ ಕಾಗದ ಬಂತು. ಸರಳ ಜನವೆಲ್ಲ ಸರಳವಾಗಿಯೇ ಇದ್ದೇವೆ.

ಮೊದಲು ಮೊಲದ ಸಮಾಚಾರ. ನೀವು ಬಸ್ಸು ಹತ್ತಿದ ಸ್ವಲ್ಪ ದಿನಕ್ಕೇ ಅವು ಗೂಡು ಬಿಟ್ಟು ನಿಮ್ಮ ಪ್ರಾರ್ಥನಾ ಮಂದಿರದ ಅಡಿಯಲ್ಲಿ ಬಿಲ ತೋಡಿಕೊಂಡವು. ಮರುವರ್ಷ ಮಳೆ ಬಂದಾಗ ಬಿಲಗಳಿಗೆ ನೀರು ನುಗ್ಗಿ ಮಂದಿರದ ಒಂದು ಮೂಲೆ ಕುಸಿದು ಕೂತಿತು. ಊರಿನಲ್ಲಿ ಒಬ್ಬರೂ ಮೊಲ ತಿನ್ನಲಿಲ್ಲ. ಮಕ್ಕಳು ಒಂದೊಂದಕ್ಕೂ ಹೆಸರಿಟ್ಟಿದ್ದವು. ಹೆಸರಿಟ್ಟು ಕರೆದದ್ದನ್ನು ಸಾರು ಮಾಡಿಕೊಂಡು ತಿನ್ನುವಷ್ಟು ಮುಂದುವರಿದವರಲ್ಲ ನಾವು. ಇನ್ನು ಕೋಸು. ಅದನ್ನು ಮೇಕೆಗಳು ಒಂದೇ ಮಧ್ಯಾಹ್ನ ಮುಗಿಸಿದವು. ನಿಮ್ಮ ಪೌಷ್ಟಿಕ ಆಹಾರದ ಯೋಜನೆಯಿಂದ ಉದ್ಧಾರವಾದದ್ದು ಅವು ಮಾತ್ರ.

ಓದುಬರಹದ ತರಗತಿಯ ಮಾತೆತ್ತಿದಿರಿ. ನೀವು ಈ ಊರಿಗೆ ಕಾಲಿಡುವುದಕ್ಕೆ ಎಷ್ಟೋ ವರ್ಷ ಮೊದಲಿಂದ ನಾನು ಇಲ್ಲಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದೆ. ನಿಮ್ಮ ತರಗತಿಗೆ ಬಂದು ಕೂರುತ್ತಿದ್ದದ್ದು ನೀವು ಹಂಚುತ್ತಿದ್ದ ಬಿಸ್ಕತ್ತಿಗೆ. ಬಿಸ್ಕತ್ತು ಚೆನ್ನಾಗಿತ್ತು.

ಕರ್ತನು ಕರೆಯುತ್ತಿದ್ದಾನೆ ಎಂದಿರಿ. ಐದು ವರ್ಷ ಸುಮ್ಮನಿದ್ದವನು ಈಗ ಯಾಕೆ ಕೂಗಿದನೋ. ನೀವು ನೋಡಿಕೊಳ್ಳಲೆಂದು ಹೋಗಿದ್ದ ನಿಮ್ಮ ತಾಯಿ ತೀರಿಹೋದ ವಿಷಯ ಪೇಟೆಯಲ್ಲಿ ನಿಮ್ಮ ಸಭೆಯವರೊಬ್ಬರಿಂದ ಗೊತ್ತಾಯಿತು. ನೀವು ಬರೆಯಲಿಲ್ಲ. ಅವರ ಆತ್ಮಕ್ಕೆ ಶಾಂತಿ ಸಿಗಲಿ.

ಬೆಂಟೊಗೆ ನೀವು ಬರುವ ವಿಷಯ ಹೇಳಿದೆ. "ಆವಮ್ಮ ಮತ್ತೆ ಬತ್ತಾಳಂತಾ? ಬರ್ಲಿ ಬಿಡು. ಮೊಲ ಮಾತ್ರ ತರಬ್ಯಾಡ ಅಂತ ಬರಿ," ಎಂದ. ಅವನ ಪಾದಕ್ಕೆ ಮಚ್ಚು ಬಿದ್ದಾಗ ನೀವು ಪರದೆ ಹೊಲಿಯುವ ದಾರದಲ್ಲಿ ಹೊಲಿಗೆ ಹಾಕಿದಿರಲ್ಲ, ಆ ಗಾಯದ ಗುರುತು ಸೊಟ್ಟಗಿದೆ. ಬಂದವರಿಗೆಲ್ಲ ಚಪ್ಪಲಿ ಬಿಚ್ಚಿ ತೋರಿಸುತ್ತಾನೆ.

ನಿಮ್ಮ ಮಂಡಳಿಗೆ ನಾನು ಪತ್ರ ಬರೆಯುವುದಿಲ್ಲ. ನೀವು ಕಳಿಸಿದ ವಾಕ್ಯಗಳ ಹಾಳೆ ಒಳ್ಳೆಯ ಗಟ್ಟಿ ಕಾಗದ. ಬೆಲ್ಲದ ಅಚ್ಚು ಸುತ್ತಿಡಲು ಬಂತು.

ಜೆರ್ಸಿನಾ


ಜೋಯಿನ್ವಿಲೆ
22 ಫೆಬ್ರವರಿ 1996

ಪ್ರಿಯ ದೋನಾ ಜೆರ್ಸಿನಾ,

ನಿಮ್ಮ ಪತ್ರ ಓದಿ ನನಗೆ ಬೇಸರವಾಗಲಿಲ್ಲ. ಬಡತನ ಮನುಷ್ಯರ ನಾಲಿಗೆಯನ್ನು ಒರಟು ಮಾಡುತ್ತದೆ ಎಂಬುದನ್ನು ನಾನು ಸೇವೆಯಲ್ಲಿ ಕಲಿತಿದ್ದೇನೆ.

ನಿಮ್ಮ ತೊಡಕು ಏನೆಂದು ಯೋಚಿಸಿದೆ. ಮಂಡಳಿಯಂಥ ದೊಡ್ಡವರಿಗೆ ಬರೆಯಲು ಸಂಕೋಚವಾಗುತ್ತಿರಬಹುದು. ಹಾಗಿದ್ದರೆ ಪೇಟೆಯ ಶಾಲೆಯ ಮೇಷ್ಟರಿಗೆ ಹೇಳಿ ಬರೆಸಿ. ಇಲ್ಲವೇ ಊರಿನವರು ನನ್ನಿಂದ ಏನನ್ನೋ ನಿರೀಕ್ಷಿಸುತ್ತಿರಬಹುದು. ಅದೂ ಸಹಜವೇ. ಇಲ್ಲಿನ ಸಭೆಯ ಮಹಿಳೆಯರು ಪ್ರೀತಿಯಿಂದ ಹೆಣೆದ ಉಣ್ಣೆಯ ಅಂಗಿಗಳ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ. ಎಲ್ಲ ಮನೆಗೂ ಹಂಚಿ.

ಇಲ್ಲಿ ನನಗೆ ಯಾವ ಕೊರತೆಯೂ ಇಲ್ಲ. ಅಣ್ಣನ ಮನೆ ದೊಡ್ಡದು, ಅತ್ತಿಗೆ ಇಲ್ಜೆ ಬಹಳ ಅಚ್ಚುಕಟ್ಟು. ನಾನು ಬರುತ್ತಿರುವುದು ನನ್ನ ಸುಖಕ್ಕಲ್ಲ ಎಂದು ನೀವು ತಿಳಿಯಬೇಕು. ದಯವಿಟ್ಟು ಪತ್ರ ಬರೆಯಿರಿ.

ಎಲ್ಫ್ರೀಡಾ


ಲಗೋವಾ ದೊ ಉಂಬು
14 ಮಾರ್ಚ್ 1996

ಸಹೋದರಿ ಎಲ್ಫ್ರೀಡಾ ಅವರಿಗೆ,

ಉಣ್ಣೆಯ ಅಂಗಿಗಳು ತಲುಪಿದವು. ಪೆಟ್ಟಿಗೆ ಬಿಚ್ಚಿದ ದಿನ ಊರಿನಲ್ಲಿ ನೆಲ ಮುಟ್ಟಿದರೆ ಅಂಗಾಲು ಸುಡುತ್ತಿತ್ತು. ಒಂದನ್ನು ಜೋಳದ ಹೊಲದ ಬೆರ್ಚಪ್ಪನಿಗೆ ಹಾಕಿದೆವು. ಹಕ್ಕಿಗಳು ಹೆದರಲಿಲ್ಲ, ಗೂಡಿಗೆ ದಾರ ಕಿತ್ತುಕೊಂಡು ಹೋದವು. ಆರು ವರ್ಷ ಇಲ್ಲಿ ನಮ್ಮ ಜೊತೆ ಬೆವರು ಒರೆಸಿಕೊಂಡವರು ನೀವು. ಆ ಪೆಟ್ಟಿಗೆಗೆ ಮೊಳೆ ಹೊಡೆಯುವಾಗ ನಿಮ್ಮ ತಲೆ ಎಲ್ಲಿತ್ತು ಎಂದು ಹೆಂಗಸರು ಕೇಳುತ್ತಿದ್ದಾರೆ. ನಾನು ಉತ್ತರ ಹೇಳಲಿಲ್ಲ.

ಹೇಳಲಿಲ್ಲ ಯಾಕೆಂದರೆ, ನಿಮ್ಮ ಬೆನ್ನ ಹಿಂದೆ ನಿಮ್ಮನ್ನು ಆಡಿಕೊಳ್ಳುವಂತಿಲ್ಲ ನಾನು. ಮಂಡಳಿಗೆ ಬರೆಯದೆ ಇರುವುದಕ್ಕೆ ಕಾರಣ ಸಂಕೋಚವೂ ಅಲ್ಲ, ನಿಮ್ಮ ಪೆಟ್ಟಿಗೆಯ ಆಸೆಯೂ ಅಲ್ಲ. ತೊಡಕು ಏನೆಂದು ನಿಮಗೆ ಹೊಳೆಯುವುದಿಲ್ಲ ಎಂದು ಈಗ ಖಾತ್ರಿಯಾಯಿತು, ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಏಳು ವರ್ಷದ ಹಿಂದೆ ಸಂತ ಯೋಹಾನರ ಹಬ್ಬದ ಸಂಜೆ ನಮ್ಮ ಮನೆ ಮುಂದೆ ಬೆಂಕಿ ಹಾಕಿದ್ದೆವು. ನೀವು ಸುಟ್ಟ ಜೋಳ ತಿನ್ನುತ್ತ ನಿಂತಿದ್ದಿರಿ. ಒಬ್ಬರ ಕೈ ಒಬ್ಬರು ಹಿಡಿದು ಬೆಂಕಿ ಸುತ್ತಿ ಹಾರಿದವರು ಸಾಯುವ ತನಕ ಕೊಮಾದ್ರೆಗಳು, ಒಡಹುಟ್ಟಿದವರಿಗಿಂತ ಹೆಚ್ಚು ಎಂದು ನಾನು ಹೇಳಿದೆ. "ನನಗೆ ಅಕ್ಕತಂಗಿ ಯಾರೂ ಇಲ್ಲ, ನಡಿಯಿರಿ ಹಾರೋಣ," ಎಂದವರು ನೀವು. ಹಾರಿದೆವು. ನಿಮ್ಮ ಉದ್ದ ಲಂಗದ ಅಂಚಿಗೆ ಬೆಂಕಿ ತಾಗಿತು. ಯಾರು ಆರಿಸಿದರು, ನೆನಪಿದೆಯೇ?

ಹಬ್ಬ ಮುಗಿದ ಭಾನುವಾರ ನಾನು ಜೋಳದ ಸಿಹಿ ಮಾಡಿಕೊಂಡು ನಿಮ್ಮ ಮಂದಿರಕ್ಕೆ ಬಂದೆ. ಕೊಮಾದ್ರೆಗೆ ಮೊದಲ ಸಿಹಿ ಕೊಡಬೇಕು. ಒಳಗೆ ದಕ್ಷಿಣದಿಂದ ಬಂದ ಪಾಸ್ಟರ್ ಲೋತಾರ್ ಮುಂದಿನ ಬೆಂಚಿನಲ್ಲಿ ಕೂತಿದ್ದರು. ಯಾರೋ ಅವರ ಕಿವಿಗೆ ಹಬ್ಬದ ಸುದ್ದಿ ಹಾಕಿದ್ದರು. ನೀವು ಪ್ರಸಂಗ ಮಾಡುತ್ತಿದ್ದಿರಿ. "ಬೆಂಕಿ ಹಾರಿದರೆ ನೆಂಟಸ್ತನ ಹುಟ್ಟುವುದಿಲ್ಲ, ಹೊಗೆ ಹುಟ್ಟುತ್ತದೆ," ಎಂದಿರಿ. ಪಾಸ್ಟರ್ ನಕ್ಕರು, ಅವರು ನಕ್ಕರೆಂದು ಎಲ್ಲರೂ ನಕ್ಕರು. ನಾನು ಕಿಟಕಿಯ ಹೊರಗೆ ತಟ್ಟೆ ಹಿಡಿದು ನಿಂತಿದ್ದೆ. ನನಗೆ ಅಷ್ಟು ನೋವು ಅದಕ್ಕೆ ಮೊದಲು ಯಾರೂ ಮಾಡಿರಲಿಲ್ಲ. ಸಿಹಿಯನ್ನು ಬೆಂಟೊ ಒಬ್ಬನೇ ತಿಂದು ಹೊಟ್ಟೆ ಕೆಡಿಸಿಕೊಂಡ.

ಈಗ ನಿಮ್ಮ ಪತ್ರದ ವಿಷಯ. ಕೊಮಾದ್ರೆಯನ್ನು ಎದುರಿಗೆ ಎಷ್ಟು ಬೇಕಾದರೂ ಬೈಯಬಹುದು, ಬೈಯುತ್ತಿದ್ದೇನೆ. ಮೂರನೆಯವರ ಮುಂದೆ ಮಾತ್ರ ಬಿಟ್ಟುಕೊಡುವಂತಿಲ್ಲ. ನೀವು ನನ್ನ ಕೊಮಾದ್ರೆಯಾದರೆ ಮಂಡಳಿಗೆ ಹೊಗಳಿಯೇ ಬರೆಯುತ್ತೇನೆ. ಅಷ್ಟೂ ಸುಳ್ಳಿನ ಪಾಪ ನನ್ನ ತಲೆಗೆ ಬರಲಿ. ಕೊಮಾದ್ರೆ ಅಲ್ಲದಿದ್ದರೆ ನಿಜ ಬರೆಯುತ್ತೇನೆ, ಮೊಲದಿಂದ ಉಣ್ಣೆಯವರೆಗೆ, ಬರೆದ ಮೇಲೆ ನೀವು ಈ ಕಡೆ ತಲೆ ಹಾಕುವ ಮಾತಿಲ್ಲ. ನಿಮ್ಮ ಪ್ರಸಂಗದ ಪ್ರಕಾರ ನಾವು ಏನೂ ಅಲ್ಲ. ಒಂದು ಸಾಲು ಬರೆಯಿರಿ. ಹೌದೋ, ಅಲ್ಲವೋ.

ಜೆರ್ಸಿನಾ


ಜೋಯಿನ್ವಿಲೆ
2 ಏಪ್ರಿಲ್ 1996

ಪ್ರಿಯ ದೋನಾ ಜೆರ್ಸಿನಾ,

ನೀವು ಕಿಟಕಿಯ ಹೊರಗೆ ಇದ್ದಿರೆಂದು ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತಿದ್ದೆ.

ನಿಮ್ಮ ಆಚಾರಗಳ ಬಗ್ಗೆ ನನಗೆ ಗೌರವವಿದೆ. ಸಮುದಾಯದ ಜೊತೆ ಕೆಲಸ ಮಾಡುವವರು ಜನರ ನಂಬಿಕೆಗಳನ್ನು ಅರಿತಿರಬೇಕು ಎಂದು ನಾನೇ ತರಬೇತಿಗಳಲ್ಲಿ ಹೇಳಿದ್ದೇನೆ. ಆದರೆ ಬಾಂಧವ್ಯ ಹುಟ್ಟುವುದು ಆತ್ಮದಲ್ಲಿ, ಸೌದೆಯಿಂದಲ್ಲ, ಜ್ವಾಲೆಯಿಂದಲ್ಲ. ಆ ಅರ್ಥದಲ್ಲಿ ನಾವು ಸಹೋದರಿಯರೇ, ನೀವು ಹೇಳುವ ಅರ್ಥದಲ್ಲಿ ಎಂದರೆ ಅದನ್ನು ವಿವರಿಸಲು ಈ ಪತ್ರ ಸಾಲದು. ಹೊಗಳಿಕೆಯೂ ಅಲ್ಲದ, ನಿಂದೆಯೂ ಅಲ್ಲದ, ಸಮತೂಕದ ಒಂದು ಪತ್ರವನ್ನು ನೀವು ಬರೆಯಲಾಗದೇ? ಪಾಸ್ಟರ್ ಲೋತಾರ್ ಅವರು ಈಗಲೂ ಮಂಡಳಿಯ ಮುಖ್ಯಸ್ಥರು. ಆ ದಿನ ಅವರೆದುರು ನನ್ನ ಸ್ಥಿತಿ ಹೇಗಿತ್ತೆಂದು ಒಮ್ಮೆ ಯೋಚಿಸಿ.

ಲಂಗದ ಬೆಂಕಿಯನ್ನು ಬೆಂಟೊ ಅವರು ನೀರು ಹಾಕಿ ಆರಿಸಿದ ನೆನಪು. ಆ ಲಂಗ ಈಗಲೂ ನನ್ನ ಬಳಿ ಇದೆ, ಅಂಚು ಕತ್ತರಿಸಿ ಗಿಡ್ಡ ಮಾಡಿಕೊಂಡಿದ್ದೇನೆ.

ಅಕ್ಷರ ಕೆಟ್ಟಿದ್ದರೆ ಕ್ಷಮಿಸಿ. ನನ್ನ ಕೋಣೆಯ ಗೋಡೆಯಾಚೆ ಅತ್ತಿಗೆಯ ಬಟ್ಟೆ ಒಗೆಯುವ ಯಂತ್ರವಿದೆ, ಅದು ತಿರುಗುವಾಗ ಮೇಜು ಅಲುಗುತ್ತದೆ.

ಎಲ್ಫ್ರೀಡಾ


ಲಗೋವಾ ದೊ ಉಂಬು
19 ಏಪ್ರಿಲ್ 1996

ಸಹೋದರಿ ಎಲ್ಫ್ರೀಡಾ ಅವರಿಗೆ,

ಒಂದು ಸಾಲು ಕೇಳಿದ್ದೆ. ಒಂದು ಹಾಳೆ ಕಳಿಸಿದಿರಿ, ಅದರಲ್ಲಿ ಹೌದೂ ಇಲ್ಲ, ಅಲ್ಲವೂ ಇಲ್ಲ.

ಬೆಂಟೊ ಬಾಗಿಲಲ್ಲಿ ನಿಂತು ಕೇಳಿದ. "ಏನಂದ್ಲು?"

"ಗೌರವ ಐತಂತೆ."

"ಯಾವುದರ ಮ್ಯಾಲೆ?"

"ಎಲ್ಲಾದರ ಮ್ಯಾಲೂ."

"ಅಂಗಾರೆ ಯಾವುದರ ಮ್ಯಾಲೂ ಇಲ್ಲ ಬಿಡು," ಎಂದು ಮೇಕೆ ಬಿಡಲು ಹೋದ. ಅವನು ನಿಮ್ಮ ಬಗ್ಗೆ ಹೀಗೆ ಮಾತಾಡಬಹುದು. ಅವನು ಬೆಂಕಿ ಹಾರಿಲ್ಲ.

ಪಾಸ್ಟರ್ ಎದುರು ನಿಮ್ಮ ಸ್ಥಿತಿ ಯೋಚಿಸಬೇಕೆಂದಿರಿ. ಯೋಚಿಸಿದೆ. ಒಬ್ಬ ಗಂಡಸಿನ ಮುಖ ನೋಡಿ ಮಾತು ತಿರುಗಿಸುವ ಸ್ಥಿತಿ. ಈ ಊರಿನಲ್ಲಿ ಅದಕ್ಕೆ ಹೆಸರಿದೆ, ಹೆಂಗಸರು ಬರೆಯುವ ಹೆಸರಲ್ಲ. ನಮ್ಮನ್ನು ಉದ್ಧಾರ ಮಾಡಲು ಇಷ್ಟು ದೂರ ಬರುವವರಿಗೆ ಒಂದು ಸಾಲು ಬರೆಯಲು ಧೈರ್ಯ ಸಾಲದು ಎಂದರೆ ಉದ್ಧಾರ ಬೇಕಾದದ್ದು ಯಾರಿಗೋ.

ಮೇ ಕೊನೆಗೆ ನಿಮ್ಮ ಗಡುವು. ಅಷ್ಟರಲ್ಲಿ ಉತ್ತರ ಬರದಿದ್ದರೆ ಅದೇ ಉತ್ತರ ಎಂದುಕೊಂಡು ನಿಜ ಬರೆಯುತ್ತೇನೆ.

ಬಟ್ಟೆ ಯಂತ್ರದ ಪಕ್ಕದ ಕೋಣೆಯ ವಿಷಯ ಓದಿದೆ. ಯಾವ ಕೊರತೆಯೂ ಇಲ್ಲ ಎಂದಿದ್ದಿರಿ.

ಜೆರ್ಸಿನಾ


ಜೋಯಿನ್ವಿಲೆ
6 ಮೇ 1996

ಹೌದು, ಕೊಮಾದ್ರೆ.

ಎಲ್ಫ್ರೀಡಾ


ಲಗೋವಾ ದೊ ಉಂಬು
20 ಮೇ 1996

ಸಹೋದರಿ ಎಲ್ಫ್ರೀಡಾ ಅವರಿಗೆ,

ಬಂತು ನಿಮ್ಮ ಒಂದು ಸಾಲು. ಗಡುವು ಹತ್ತಿರ ಬಂದಾಗ ಸರಿಯಾಗಿ ಬಂತು.

ಕೊಟ್ಟ ಮಾತಿನಂತೆ ಮಂಡಳಿಗೆ ಬರೆದು ಹಾಕಿದೆ. ಹೊಸದಾಗಿ ಹೊಗಳುವ ಶಕ್ತಿ ನನಗಿಲ್ಲ, ಆದ್ದರಿಂದ ನೀವು ಕಳಿಸಿದ್ದ ಹಾಳೆಯನ್ನೇ ಬೆಲ್ಲದ ಅಚ್ಚಿನಿಂದ ಬಿಡಿಸಿ ನಕಲು ಮಾಡಿದೆ. ಒಣನೆಲ ಮಳೆಗೆ ಕಾಯುವಂತೆ ಊರು ನಿಮಗಾಗಿ ಕಾಯುತ್ತಿದೆ ಎಂದು ನಿಮ್ಮ ಬಗ್ಗೆ ನೀವೇ ಬರೆದುಕೊಂಡಿದ್ದಿರಲ್ಲ, ಅದನ್ನು ಬರೆಯುವಾಗ ನನಗೆ ಬೆವರು ಬಂತು. ಎರಡು ಸಾಲನ್ನು ಇರುವೆಗಳು ತಿಂದಿದ್ದವು. ಅಲ್ಲಿ ಏನಿತ್ತೋ ತಿಳಿಯಲಿಲ್ಲ, ನೀವು ವಿನಯವಂತೆ ಎಂದು ಸೇರಿಸಿದೆ.

ಇನ್ನು ನಿಮ್ಮ ಎದುರಿಗೆ ಹೇಳಬೇಕಾದದ್ದು. ಏಳು ವರ್ಷ ನಿಮ್ಮ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ, ಅಸಹ್ಯ ಇರಲಿಲ್ಲ. ಮೂರ್ಖಳು, ಮೊಂಡಿ, ಆದರೆ ತಾನು ನಂಬಿದ್ದನ್ನು ಮಾರುವವಳಲ್ಲ ಎಂದುಕೊಂಡಿದ್ದೆ. ಅಲ್ಲ ಎಂದು ಬರೆದಿದ್ದರೆ ನಿಮ್ಮನ್ನು ದೂರವಿಟ್ಟು ಮನಸ್ಸಿನಲ್ಲಿ ಮರ್ಯಾದೆ ಕೊಡುತ್ತಿದ್ದೆ. ಆ ದಿನ ಪಾಸ್ಟರ್ ನಗಲಿ ಎಂದು ನನ್ನನ್ನು ಬಿಟ್ಟಿರಿ. ಈಗ ಒಂದು ಪತ್ರ ಸಿಗಲಿ ಎಂದು ನನ್ನನ್ನು ಎತ್ತಿಕೊಂಡಿರಿ. ಎರಡು ಸಲವೂ ನಾನು ನಿಮಗೆ ಕೈಗೆ ಸಿಕ್ಕ ಸಾಮಾನು.

ಬನ್ನಿ. ಮಿಷನ್ ಮನೆಯ ಬೀಗದ ಕೈ ನನ್ನ ಬಳಿ ಇದೆ, ಬಂದಾಗ ಕೊಡುತ್ತೇನೆ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತೇನೆ. ಅದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಬೇಡಿ.

ಜೆರ್ಸಿನಾ


ಲಗೋವಾ ದೊ ಉಂಬು
4 ಜೂನ್ 1996

ಕೊಮಾದ್ರೆ,

ನಿನ್ನಿಂದ ಉತ್ತರವಿಲ್ಲ. ನನ್ನ ಹಿಂದಿನ ಕಾಗದ ಓದಿ ಸುಮ್ಮನಾಗಿದ್ದೀಯ ಎಂದು ಕಾಣುತ್ತದೆ. ಸುಮ್ಮನಿರುವುದನ್ನು ಇಷ್ಟು ವರ್ಷದಲ್ಲಿ ನೀನು ಕಲಿತದ್ದು ಇದೇ ಮೊದಲು, ಅದನ್ನೂ ತಪ್ಪು ಹೊತ್ತಿನಲ್ಲಿ ಕಲಿತೆ.

ನಿನ್ನೆ ಪಾಸ್ಟರ್ ಲೋತಾರ್ ಅವರ ಕಾಗದ ಬಂತು. ನನಗೆ ಒಂದು ಸಾಲು ಬರೆದ ದಿನವೇ ನೀನು ಅವರಿಗೂ ಬರೆದಿದ್ದೆಯಂತೆ. "ಆ ಭಾನುವಾರದ ಪ್ರಸಂಗದಲ್ಲಿ ನಾನು ಹೇಳಿದ್ದು ನಿಮಗೆ ಹೆದರಿ ಹೇಳಿದ ಸುಳ್ಳು, ಜೆರ್ಸಿನಾ ನನ್ನ ಕೊಮಾದ್ರೆ, ಇದನ್ನು ಮಂಡಳಿಯ ಸಭೆಯಲ್ಲಿ ಓದಿ," ಎಂದೆಯಂತೆ. ಓದಿದ್ದಾರೆ. ನಿನ್ನ ಹೆಸರು ಹೊಡೆದು ಹಾಕಿದ್ದಾರೆ. ಇರುವೆ ತಿಂದುಳಿದ ನನ್ನ ಹೊಗಳಿಕೆ ಅವರಿಗೆ ಆಮೇಲೆ ತಲುಪಿತು.

ಇಷ್ಟನ್ನು ನನಗೆ ಬರೆಯಲು ನಿನಗೆ ಏನಾಗಿತ್ತು? ಮೊಲದ ಆರೈಕೆಯ ಬಗ್ಗೆ ಪುಟಗಟ್ಟಲೆ ಬರೆದಿಟ್ಟು ಹೋದವಳು, ಇದನ್ನು ಬರೆಯಲಿಲ್ಲ. ನಾನು ನಿನ್ನನ್ನು ಬಾಯಿಗೆ ಬಂದಂತೆ ಬೈದು ಕಳಿಸಿದೆ. ಓದಿ ಎಷ್ಟು ಅತ್ತಿದ್ದೀಯೋ, ಆ ಯಂತ್ರದ ಸದ್ದಿನಲ್ಲಿ ನಿನ್ನ ಅತ್ತಿಗೆಗೂ ಕೇಳಿಸಿರಲಿಕ್ಕಿಲ್ಲ.

ಪಾಸ್ಟರ್ ಒಂದು ಬಾಗಿಲು ತೆರೆದಿಟ್ಟಿದ್ದಾರೆ. ನಿನಗೆ ಇಲ್ಲಿನ ರೂಢಿ ತಿಳಿದಿರಲಿಲ್ಲ, ಹಳ್ಳಿಯವರು ಸುಳ್ಳು ಹೇಳಿ ಬೆಂಕಿ ಹಾರಿಸಿದರು ಎಂದು ನಾನು ಬರೆದುಕೊಟ್ಟರೆ ಮಂಡಳಿ ಮತ್ತೆ ಯೋಚಿಸುತ್ತದಂತೆ. ಜೀಪು, ಮಿಷನ್ ಮನೆ, ಕೆಲಸ, ಎಲ್ಲ ನಿನಗೆ ಸಿಗುತ್ತದಂತೆ. ಕಾಗದವನ್ನು ಬೆಂಟೊಗೆ ಓದಿ ಹೇಳಿದೆ.

"ಬರ್ದುಕೊಡ್ತೀಯಾ?" ಎಂದ.

"ನೀನೇನಂತೀಯ?"

"ಬರ್ದುಕೊಟ್ರೆ ಅವಳು ಬತ್ತಾಳೆ. ಆದ್ರೆ ನಿನ್ನ ಕೊಮಾದ್ರೆ ಬರಾಕಿಲ್ಲ."

ಈ ಗಂಡಸು ವರ್ಷಕ್ಕೆ ಒಂದು ಸಲ ಸರಿಯಾದ ಮಾತಾಡುತ್ತಾನೆ. ಈ ವರ್ಷದ್ದು ಮುಗಿಯಿತು.

ಪಾಸ್ಟರ್‌ಗೆ ಉತ್ತರ ಇವತ್ತೇ ಬರೆದು ಹಾಕಿದೆ. ನಾವು ಯಾರೂ ಅವಳನ್ನು ಮೋಸ ಮಾಡಿ ಹಾರಿಸಲಿಲ್ಲ, ಅರ್ಥ ತಿಳಿದೇ ಹಾರಿದಳು, ನನಗಿಂತ ಮೊದಲು ಅವಳ ಕಾಲು ನೆಲ ಬಿಟ್ಟಿತು, ಹಿಡಿದಿದ್ದ ಕೈ ನನ್ನದು ಎಂದು ಬರೆದೆ. ಮಿಷನ್ ಮನೆಯ ಬೀಗದ ಕೈಯನ್ನೂ ಲಕೋಟೆಗೆ ಹಾಕಿದೆ. ಹೀಗಾಗಿ ನಿನ್ನ ಕೆಲಸ ಹೋದದ್ದು ಅರ್ಧ ನಿನ್ನ ಕೈಯಿಂದ, ಅರ್ಧ ನನ್ನ ಕೈಯಿಂದ.

ಈಗ ಸರಿಯಾಗಿ ಕೇಳು. ಜೀಪು ಇಲ್ಲ. ಪೇಟೆಯಿಂದ ಮರಗೆಣಸಿನ ಲಾರಿಯಲ್ಲಿ ಬರಬೇಕು, ಮೂಟೆಯ ಮೇಲೆ ಕೂತು. ನಮ್ಮ ಮನೆಯಲ್ಲಿ ಹುರುಳಿಕಾಯಿ ಬೀಜ ಇಡುವ ಕೋಣೆ ಇದೆ, ಅದರಲ್ಲಿ ನೀನು ಇರು. ಬೀಜವೂ ಅಲ್ಲೇ ಇರುತ್ತದೆ. ಬಟ್ಟೆ ಒಗೆಯುವ ಯಂತ್ರ ಈ ಊರಿನಲ್ಲೇ ಇಲ್ಲ. ಗಾಯ ಹೊಲಿಯಲು ಇಲ್ಲಿ ಯಾರಿಗೂ ಬರುವುದಿಲ್ಲ, ನಿನಗೂ ಅಷ್ಟಕ್ಕಷ್ಟೇ, ಆದರೂ ದಾರ ತಾ. ಕುಸಿದ ಮಂದಿರದಲ್ಲಿ ಭಾನುವಾರ ನಿನ್ನ ಪ್ರಾರ್ಥನೆ ನೀನು ಮಾಡಿಕೋ, ನನ್ನ ಸಂತರ ತಂಟೆಗೆ ಬರಬೇಡ. ಮೊಲ ತರಬೇಡ. ಹಬ್ಬ ಮುಗಿಯುವ ತನಕ ಯಾರನ್ನೂ ಉದ್ಧಾರ ಮಾಡುವಂತಿಲ್ಲ, ಆಮೇಲೆ ನೋಡೋಣ.

ಹಬ್ಬ ಇಪ್ಪತ್ತಮೂರರ ಸಂಜೆ. ಬೆಂಟೊ ಸೌದೆ ಒಟ್ಟಲು ಶುರು ಮಾಡಿದ್ದಾನೆ.

ಆ ಗಿಡ್ಡ ಮಾಡಿಕೊಂಡ ಲಂಗವನ್ನೇ ಉಟ್ಟುಕೊಂಡು ಬಾ. ಹೋದ ಸಲ ಬೆಂಟೊ ನೀರು ತರುವಷ್ಟರಲ್ಲಿ ಬೆಂಕಿ ಆರಿತ್ತು. ಆರಿಸಿದ್ದು ನನ್ನ ಬರಿಗೈ. ಬಲ ಅಂಗೈಯಲ್ಲಿ ಕಲೆ ಇನ್ನೂ ಇದೆ, ಇಷ್ಟು ವರ್ಷ ನಿನಗೆ ತೋರಿಸಿರಲಿಲ್ಲ.

ಜೆರ್ಸಿನಾ